ನಡುಪಾದದ ಕಮಾನು

ಮಳೆ ನಿಂತ ಮೇಲೆ ತಡಸದ ಹೊಲದ ಬದುವಿನಲ್ಲಿ ನಡೆದುಹೋದ ರೈತನ ಹೆಜ್ಜೆಗುರುತನ್ನು ನೋಡಿರಿ. ಹಸಿಮಣ್ಣಿನಲ್ಲಿ ಹಿಮ್ಮಡಿ ಆಳವಾಗಿ ಮೂಡಿರುತ್ತದೆ. ಬೆರಳುಗಳೂ ಅವುಗಳ ಬುಡವೂ ಸ್ಪಷ್ಟವಾಗಿ ಕಾಣುತ್ತವೆ. ಆದರೆ ನಡುವೆ, ಒಳಮಗ್ಗುಲಿನಲ್ಲಿ, ಮಣ್ಣು ಬಹುಮಟ್ಟಿಗೆ ಇದ್ದಂತೆಯೇ ಉಳಿದಿರುತ್ತದೆ. ಹುಲ್ಲಿನ ಹೊರೆ ಹೊತ್ತು ಹೋದವನ ಪಾದ ಅಲ್ಲಿ ನೆಲವನ್ನು ಏಕೆ ಒತ್ತಲಿಲ್ಲ? ಅಲ್ಲಿ ಎಲುಬುಗಳಿಂದಾದ ಒಂದು ಕಮಾನು ಇದೆ.

ವಯಸ್ಕರ ಶರೀರದಲ್ಲಿರುವ 206 ಎಲುಬುಗಳಲ್ಲಿ 52 ಎರಡು ಪಾದಗಳಲ್ಲಿಯೇ ಇವೆ. ಒಂದು ಪಾದದ 26 ಎಲುಬುಗಳಲ್ಲಿ ಐದು ನಡುಪಾದಕ್ಕೆ ಸೇರಿದವು. ಒಳಬದಿಯಲ್ಲಿ ದೋಣಿಯಾಕಾರದ ಒಂದು ಎಲುಬು, ಅದರ ಮುಂದೆ ಬೆಣೆಯಾಕಾರದ ಮೂರು, ಹೊರಬದಿಯಲ್ಲಿ ಘನಾಕಾರದ ಒಂದು. ಇವುಗಳ ಮುಂದೆ ಬೆರಳುಗಳತ್ತ ಸಾಗುವ ಐದು ನೀಳವಾದ ಎಲುಬುಗಳಿವೆ.

ವಿಜಯಪುರದ ಗೋಳಗುಮ್ಮಟದ ಮಹಾಭಾರವನ್ನು ಹೊತ್ತಿರುವುದೂ ಕಮಾನುಗಳೇ. ಆದರೆ ಕಲ್ಲಿನ ಕಮಾನು ಕದಲದೆ ನಿಲ್ಲುತ್ತದೆ. ಪಾದದ ಕಮಾನು ನಡೆಯಬೇಕು. ದೇಹದ ಭಾರ ಬಿದ್ದಾಗ ಅದು ತುಸು ತಗ್ಗುತ್ತದೆ. ಹಿಮ್ಮಡಿ ಮೇಲೆದ್ದಾಗ ಬಿಗಿದುಕೊಂಡು, ಸನ್ನೆಗೋಲಿನಂತೆ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಕೊಂಬೆಯನ್ನು ಹಿಡಿಯುವ ವಾನರನ ಪಾದಕ್ಕೆ ಇಂಥ ಬಿಗಿತವಿಲ್ಲ. 1978ರಲ್ಲಿ ಆಫ್ರಿಕದ ಟಾಂಜಾನಿಯಾ ದೇಶದ ಲೇಟೋಲಿಯಲ್ಲಿ ದೊರೆತ ಹೆಜ್ಜೆಗುರುತುಗಳು, ಸುಮಾರು 36 ಲಕ್ಷ ವರ್ಷಗಳ ಹಿಂದೆಯೇ ನಮ್ಮ ಪೂರ್ವಜರ ಬಂಧುಗಳು ಎರಡು ಕಾಲುಗಳ ಮೇಲೆ ನಡೆದಿದ್ದರೆಂದು ಸಾರುತ್ತವೆ.

ಈ ಚಿಕ್ಕ ಎಲುಬುಗಳನ್ನು ಒಂದುಗೂಡಿಸಿರುವುವು ಗಟ್ಟಿಯಾದ ಕಟ್ಟುನಾರುಗಳು. ಎರಡನೆಯ ಬೆರಳಿನ ನೀಳ ಎಲುಬಿನ ಬುಡವು ಬೆಣೆ ಎಲುಬುಗಳ ನಡುವೆ ಸಿಕ್ಕಿಸಿದ ಕೀಲಿನಂತೆ ಕುಳಿತಿದೆ. ಈ ಸಂದಿಗೆ ಲಿಸ್‌ಫ್ರಾಂಕ್ ಎಂಬ ಫ್ರೆಂಚ್ ಶಸ್ತ್ರವೈದ್ಯನ ಹೆಸರು ಬಂದಿದೆ. ಮುಂಗಾಲು ತಗ್ಗಿನಲ್ಲಿ ಸಿಕ್ಕಿ ದೇಹ ತಿರುಚಿ ಬಿದ್ದರೆ ಇಲ್ಲಿಯ ನಾರು ಹರಿಯಬಹುದು. ಆಗ ಪಾದ ಬಾತುಕೊಳ್ಳುತ್ತದೆ, ಹೆಜ್ಜೆ ಊರಲಾಗದಷ್ಟು ನೋವಾಗುತ್ತದೆ.

ಇಂಥ ಸಮಯದಲ್ಲಿ ಹಲವರು ಇದನ್ನು ಬರಿಯ ಉಳುಕೆಂದು ತಿಳಿದು, ಎಣ್ಣೆ ಹಚ್ಚಿ ತಿಕ್ಕಿಸಿ, ಮರುದಿನವೇ ಹೊಲಕ್ಕೆ ಹೋಗುತ್ತಾರೆ. ಸಡಿಲಗೊಂಡ ಎಲುಬುಗಳು ಸರಿದು ಕಮಾನು ಕುಸಿದರೆ, ಒಂದು ದಿನದ ಅಲಕ್ಷ್ಯಕ್ಕೆ ಜೀವಮಾನವಿಡೀ ಕುಂಟಬೇಕಾದೀತು. ಅಂಗಾಲಿನಲ್ಲಿ ನೀಲಿಗಟ್ಟಿದ ಕಲೆ ಕಂಡರೆ ಅದು ಮುಖ್ಯವಾದ ಎಚ್ಚರಿಕೆ. ಆ ಕಾಲಿನ ಮೇಲೆ ಭಾರ ಹಾಕದೆ ವೈದ್ಯರ ಬಳಿಗೆ ಹೋಗಿ ಕ್ಷ-ಕಿರಣ ಪರೀಕ್ಷೆ ಮಾಡಿಸಬೇಕು. ಮಲಗಿಸಿ ತೆಗೆದ ಚಿತ್ರದಲ್ಲಿ ಕಾಣದ ದೋಷವು ಕೆಲವೊಮ್ಮೆ ನಿಂತಾಗ ತೆಗೆದ ಚಿತ್ರದಲ್ಲಿ ಕಾಣುವುದುಂಟು. ಅದನ್ನು ಯಾವಾಗ ತೆಗೆಯಬೇಕೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ.

ಕೆಲವರ ಪಾದ ಹುಟ್ಟಿನಿಂದಲೇ ಚಪ್ಪಟೆಯಾಗಿರುತ್ತದೆ; ನೋವಿಲ್ಲದಿದ್ದರೆ ಅದಕ್ಕಾಗಿ ಅವರು ಚಿಂತಿಸಬೇಕಾಗಿಲ್ಲ. ಆದರೆ ದುಡಿದು ಬಾಳುವವನಿಗೆ ಕಾಲೇ ಬಂಡವಾಳ. ಅಂಗೈಯನ್ನು ದಿನಕ್ಕೆ ಹತ್ತು ಬಾರಿ ನೋಡಿಕೊಳ್ಳುವ ನಾವು, ನಮ್ಮನ್ನು ಹೊತ್ತು ನಡೆಯುವ ಅಂಗಾಲಿನ ಕಡೆಗೂ ಒಮ್ಮೆ ಕಣ್ಣು ಹಾಯಿಸುವುದು ಲೇಸು.