ಎಸ್ಸೆಸ್ಸೆಲ್ಸಿ ಮುಗಿದ ಮನೆಯ ಲೆಕ್ಕಪತ್ರ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬರುವ ಫೋನುಗಳಲ್ಲಿ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟು?’, ಎರಡನೆಯದು ‘ಸೈನ್ಸ್ ತಾನೇ?’. ಎಷ್ಟು ವರ್ಷ ದುಡ್ಡು ಹಾಕಬೇಕು, ಯಾವ ವರ್ಷದಿಂದ ದುಡ್ಡು ಬರಲು ಶುರುವಾಗುತ್ತದೆ, ನಡುವೆ ಬೇಡವೆನಿಸಿದರೆ ದಾರಿ ಬದಲಿಸಬಹುದೇ ಎಂದು ಯಾರೂ ಕೇಳುವುದಿಲ್ಲ. ಹದಿನಾರರ ಮಕ್ಕಳ ಮುಂದೆ ದುಡ್ಡಿನ ಮಾತು ಎತ್ತಬಾರದೆಂಬ ಸಂಕೋಚ ನಮ್ಮಲ್ಲಿದೆ. ಎರಡು ವರ್ಷ ಕಳೆದ ಮೇಲೆ ಒಡವೆ ಅಡ ಇಡುವ ಹೊತ್ತಿಗೆ ಆ ಮಾತು ಹೇಗೂ ಎತ್ತಲೇಬೇಕಾಗುತ್ತದೆ. ಮೊದಲೇ ಕೂತು ಲೆಕ್ಕ ಹಾಕುವುದು ವಾಸಿ.

ಹೆಚ್ಚಿನವರು ಹೋಗುವ ದಾರಿ ಪಿಯುಸಿ. ಸರ್ಕಾರಿ ಪಿಯು ಕಾಲೇಜಿನ ಶುಲ್ಕ ಅಷ್ಟೇನೂ ಭಾರವಲ್ಲ. ಅದೇ ಎರಡು ವರ್ಷ ಖಾಸಗಿ ಕಾಲೇಜಿನಲ್ಲಿ, ಇಂಟಿಗ್ರೇಟೆಡ್ ಕೋಚಿಂಗ್ ಮತ್ತು ಹಾಸ್ಟೆಲ್ ಸಮೇತ ಅಂದರೆ ಮಾತು ಲಕ್ಷಗಳಿಗೆ ಹೋಗುತ್ತದೆ. ಆ ಲಕ್ಷಗಳು ಕೊಳ್ಳುವುದು ನೀಟ್, ಜೆಇಇ, ಸಿಇಟಿಗಳಲ್ಲಿ ಒಳ್ಳೆಯ ರ‍್ಯಾಂಕ್ ಬರುವ ಸಾಧ್ಯತೆಯನ್ನಷ್ಟೇ. ರ‍್ಯಾಂಕ್ ಬರಲಿಲ್ಲವೆಂದರೆ ಆ ಹುಡುಗನ ಪಿಯುಸಿ ಅಂಕಪಟ್ಟಿಗೂ ತಾಲ್ಲೂಕಿನ ಸರ್ಕಾರಿ ಕಾಲೇಜಿನ ಹುಡುಗನ ಅಂಕಪಟ್ಟಿಗೂ ಬೆಲೆ ಒಂದೇ. ಹಾಗಾಗಿ ಮಗು ನಿಜವಾಗಿ ವೈದ್ಯಕೀಯಕ್ಕೋ ಐಐಟಿಗೋ ಗಂಭೀರವಾಗಿ ಪ್ರಯತ್ನಿಸುವ ಮನಸ್ಸಿನಲ್ಲಿದ್ದರೆ ಮಾತ್ರ ಈ ಖರ್ಚಿಗೆ ಅರ್ಥವಿದೆ. ‘ಎಲ್ಲರೂ ಹಾಕಿದರು, ನಾವೂ ಹಾಕಿದೆವು’ ಎಂದು ಸೇರಿಸುವವರೇ ಹೆಚ್ಚು ಎಂಬುದು ನನ್ನ ಗುಮಾನಿ. ಇನ್ನೊಂದು ವಿಷಯವನ್ನು ಕೋಚಿಂಗ್ ಜಾಹೀರಾತುಗಳು ದೊಡ್ಡದಾಗಿ ಹೇಳುವುದಿಲ್ಲ: ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಹಾಕುವಾಗ ಸಿಇಟಿ ಅಂಕಕ್ಕೆ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಇನ್ನರ್ಧ ತೂಕ. ಎಂಜಿನಿಯರಿಂಗೇ ಗುರಿಯಾಗಿದ್ದರೆ ಬೋರ್ಡ್ ಪರೀಕ್ಷೆಗೆ ಸರಿಯಾಗಿ ಓದಿದವರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಅದೇ ಎಂಜಿನಿಯರಿಂಗಿಗೆ ಇನ್ನೊಂದು ದಾರಿಯಿದೆ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಎರಡನೇ ವರ್ಷಕ್ಕೇ ಸೇರುವುದು. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಬಿಇ ಮೂರು, ಇದೂ ಆರೇ ವರ್ಷ. ಸಮಯದಲ್ಲಿ ನಷ್ಟವಿಲ್ಲ. ದುಡ್ಡಿನಲ್ಲಿ ವ್ಯತ್ಯಾಸ ದೊಡ್ಡದು. ಸರ್ಕಾರಿ ಪಾಲಿಟೆಕ್ನಿಕ್‌ನ ಶುಲ್ಕ ವರ್ಷಕ್ಕೆ ಕೆಲವೇ ಸಾವಿರದ ಮಾತು, ಬಿಇ ಶುಲ್ಕ ಕಟ್ಟುವುದೂ ನಾಲ್ಕರ ಬದಲು ಮೂರೇ ವರ್ಷ. ಅದಕ್ಕಿಂತ ಮುಖ್ಯವಾದುದು, ಮೂರನೇ ವರ್ಷದ ಕೊನೆಗೆ ಕೈಯಲ್ಲಿ ಕೆಲಸಕ್ಕೆ ಅರ್ಹವಾದ ಒಂದು ಪ್ರಮಾಣಪತ್ರ ಇರುತ್ತದೆ. ಮನೆಯಲ್ಲಿ ಕಷ್ಟ ಬಂದು ಓದು ಅಲ್ಲಿಗೇ ನಿಂತರೂ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು, ಕಾರ್ಖಾನೆಗೆ ಸೇರಬಹುದು. ಪಿಯುಸಿ ಮುಗಿಸಿ ಬಿಇಯ ನಡುವೆ ನಿಂತವರ ಕೈಯಲ್ಲಿ ಅಂಥದ್ದೇನೂ ಇರುವುದಿಲ್ಲ.

ಹಾಗೆಂದು ಈ ದಾರಿಯ ಕಲ್ಲುಮುಳ್ಳು ಮುಚ್ಚಿಡಬಾರದು. ಡಿಪ್ಲೊಮಾ ಸೇರಿದವರಿಗೆ ನೀಟ್ ಬಾಗಿಲು ಮುಚ್ಚಿತೆಂದೇ ಲೆಕ್ಕ. ವೈದ್ಯಕೀಯದ ಆಸೆ ಒಂದಿಷ್ಟಾದರೂ ಇರುವವರು ಇತ್ತ ಬರಬಾರದು. ಲ್ಯಾಟರಲ್ ಸೀಟುಗಳು ಕಾಲೇಜಿನ ಪ್ರವೇಶ ಸಂಖ್ಯೆಯ ಶೇ 10ರಷ್ಟು ಮತ್ತು ಮೊದಲ ವರ್ಷದಲ್ಲಿ ಖಾಲಿ ಉಳಿದವು ಮಾತ್ರ. ಬೇಡಿಕೆಯ ಕಾಲೇಜಿನಲ್ಲಿ ಖಾಲಿ ಉಳಿಯುವುದು ಕಡಿಮೆ, ಆದ್ದರಿಂದ ಡಿಪ್ಲೊಮಾದ ಅಂಕವನ್ನು ಹಗುರವಾಗಿ ಕಾಣುವಂತಿಲ್ಲ. ಮೊದಲ ಸೆಮಿಸ್ಟರಿನ ಗಣಿತ ಕನ್ನಡ ಮಾಧ್ಯಮದ ಮಕ್ಕಳಿಗೆ ಏಟು ಕೊಡುವುದುಂಟು. ಬಿಇಗೆ ಬಂದ ಮೇಲೂ ಪಿಯುಸಿಯವರಿಗಿಂತ ಗಣಿತದಲ್ಲಿ ಹಿಂದಿರುತ್ತಾರೆ. ಮೊದಲ ಆರು ತಿಂಗಳು ಟ್ಯೂಷನ್ನಿಗೆ ಒಂದಿಷ್ಟು ದುಡ್ಡು ಎತ್ತಿಡುವುದಾದರೆ ಅದು ಗಣಿತಕ್ಕೇ ಸಲ್ಲಬೇಕು.

ಜಿಟಿಟಿಸಿಯನ್ನು ಪ್ರತ್ಯೇಕವಾಗಿ ಹೇಳಬೇಕು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಶಾಖೆಗಳಿವೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷದ್ದು. ಮೂರು ವರ್ಷ ಕೇಂದ್ರದಲ್ಲಿ, ಕೊನೆಯ ವರ್ಷ ಸ್ಟೈಪೆಂಡ್ ಪಡೆಯುತ್ತ ಕಾರ್ಖಾನೆಯಲ್ಲಿ. ಮಷೀನಿನ ಮುಂದೆ ಕೈ ಪಳಗುವ ಕೋರ್ಸು. ಪುಸ್ತಕ ಕಂಡರೆ ನಿದ್ದೆ, ಕೆಟ್ಟ ಮೋಟಾರು ಕಂಡರೆ ಕಣ್ಣರಳಿಸುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯುವುದಿಲ್ಲ.

ಐಟಿಐ ಎಂದರೆ ‘ಓದದವರು ಹೋಗುವುದು’ ಎನ್ನುವವರು ಮನೆಗೆ ಎಲೆಕ್ಟ್ರಿಷಿಯನ್ ಕರೆಸಿದಾಗ ಎಷ್ಟು ಕೊಡುತ್ತಾರೆಂದು ನೆನೆದುಕೊಳ್ಳಲಿ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್ ಎರಡು ವರ್ಷದ ಟ್ರೇಡುಗಳು, ವೆಲ್ಡರ್ ಒಂದೇ ವರ್ಷದ್ದು. ಕೆಲವು ಟ್ರೇಡಿಗೆ 8ನೇ ತರಗತಿ ಪಾಸಾಗಿದ್ದರೂ ಸಾಕು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಆಗಿ ಸೇರಬಹುದು, ಅಲ್ಲಿಂದ ಮತ್ತೆ ಬಿಇ. ಅಂದರೆ ಐಟಿಐಯಿಂದ ಎಂಜಿನಿಯರ್ ಆಗುವ ಮೆಟ್ಟಿಲು ಎಲ್ಲೂ ಮುರಿದಿಲ್ಲ, ಒಂದೆರಡು ವರ್ಷ ಹೆಚ್ಚು ಹಿಡಿಯುತ್ತದೆ ಅಷ್ಟೇ. ಪ್ರತಿ ಮೆಟ್ಟಿಲಲ್ಲೂ ನಿಂತು ದುಡಿದು ಮುಂದಿನದಕ್ಕೆ ದುಡ್ಡು ಕೂಡಿಸಿಕೊಳ್ಳಬಹುದು.

ಐಟಿಐ ಆದ ಮೇಲೆ ಬರುವ ಅಪ್ರೆಂಟಿಸ್ ತರಬೇತಿಯ ನಿಯಮ ತಿಳಿದವರು ಕಡಿಮೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ತಿದ್ದುಪಡಿಯಲ್ಲಿ ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ಕನಿಷ್ಠ ಸ್ಟೈಪೆಂಡ್ ಗೊತ್ತುಮಾಡಿದರು. ತರಬೇತಿ ಮುಗಿದ ಮೇಲೆ ಅದೇ ಸಂಸ್ಥೆ ಕೆಲಸ ಕೊಡಬೇಕೆಂಬ ಕಡ್ಡಾಯವಿಲ್ಲ. ಇದನ್ನು ಮೊದಲೇ ತಿಳಿದು ಹೋಗಬೇಕು. ಹುಬ್ಬಳ್ಳಿಯ ನೈರುತ್ಯ ರೈಲ್ವೆಯಂಥ ಕಡೆ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕ ನೋಡಿ ಅಪ್ರೆಂಟಿಸ್‌ಗಳನ್ನು ಆರಿಸುತ್ತಾರೆ. ರೈಲ್ವೆಯಲ್ಲಿ ತರಬೇತಿ ಮುಗಿಸಿದವರಿಗೆ ಮುಂದೆ ಅಲ್ಲಿನ ಲೆವೆಲ್-1 ನೇಮಕಾತಿಯಲ್ಲಿ ಶೇ 20 ಹುದ್ದೆ ಮೀಸಲು.

ಯಂತ್ರ ಬೇಡದವರಿಗೂ ದಾರಿಗಳಿವೆ. ಕಾಮರ್ಸ್ ಓದಿ ಸಿಎ ಮಾಡುವುದು ಶುಲ್ಕದ ಲೆಕ್ಕದಲ್ಲಿ ಅಗ್ಗ, ತಾಳ್ಮೆಯ ಲೆಕ್ಕದಲ್ಲಿ ದುಬಾರಿ. ಎರಡು ವರ್ಷದ ಆರ್ಟಿಕಲ್‌ಶಿಪ್‌ನಲ್ಲಿ ಸ್ವಲ್ಪ ಸ್ಟೈಪೆಂಡ್ ಸಿಗುತ್ತದೆ. ಕೃಷಿ ವಿಶ್ವವಿದ್ಯಾಲಯಗಳು ಎಸ್ಸೆಸ್ಸೆಲ್ಸಿ ಆದವರಿಗೆ ಕನ್ನಡದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆಸುತ್ತವೆ. ಪ್ಯಾರಾಮೆಡಿಕಲ್ ಡಿಪ್ಲೊಮಾ, ಪಿಯುಸಿ ನಂತರದ ಜಿಎನ್‌ಎಂ ನರ್ಸಿಂಗ್, ಇವೂ ಇವೆ. ಖಾಸಗಿ ಪ್ಯಾರಾಮೆಡಿಕಲ್ ಸಂಸ್ಥೆಗೆ ಸೇರುವ ಮೊದಲು ಅದಕ್ಕೆ ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ಇದೆಯೇ, ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ ಎಂದು ವಿಚಾರಿಸಬೇಕು. ನಾಮಫಲಕ ಮಾತ್ರ ದೊಡ್ಡದಾಗಿ, ಲ್ಯಾಬು ಚಿಕ್ಕದಾಗಿ ಇರುವ ಜಾಗಗಳಿವೆ.

ಇನ್ನು ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ, ಕೈಯಿಂದ ಹಾಕುವ ಪಾಲೂ ಬೇಡ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ‘ಕಟ್ಟಬೇಕಿಲ್ಲ’ ಎಂದದ್ದನ್ನು ‘ಬಡ್ಡಿಯಿಲ್ಲ’ ಎಂದು ಕೇಳಿಸಿಕೊಂಡು ಕೆಡುವವರು ಬಹಳ. ಲೆಕ್ಕ ನೋಡಿ: ನಾಲ್ಕು ವರ್ಷದ ಬಿಇಗೆ ಪ್ರತಿವರ್ಷದ ಆರಂಭದಲ್ಲಿ 1 ಲಕ್ಷದಂತೆ 4 ಲಕ್ಷ ತೆಗೆದುಕೊಂಡಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಕಂತು ಶುರುವಾಗುವ ದಿನಕ್ಕೆ ಮೊದಲ ಲಕ್ಷ ಐದು ವರ್ಷ ಹಳೆಯದು, ಅದಕ್ಕೆ 50 ಸಾವಿರ ಬಡ್ಡಿ. ಉಳಿದವಕ್ಕೆ ಕ್ರಮವಾಗಿ 40, 30, 20 ಸಾವಿರ. ಸರಳ ಬಡ್ಡಿಯಲ್ಲೇ ಬಾಕಿ 5.4 ಲಕ್ಷ. ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 9 ಸಾವಿರ. ಹೊಸದಾಗಿ ಕೆಲಸಕ್ಕೆ ಸೇರಿದವರು ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು ಇದನ್ನು ಕಟ್ಟಬೇಕು. ಓದುವಾಗಲೇ ತಿಂಗಳು ತಿಂಗಳು ಬಡ್ಡಿಯನ್ನಾದರೂ ಕಟ್ಟುತ್ತ ಬಂದರೆ ಬಾಕಿ 4 ಲಕ್ಷದಲ್ಲೇ ನಿಲ್ಲುತ್ತದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಸಾಲಕ್ಕೆ ಬಡ್ಡಿ ಶೇ 2 ಮಾತ್ರ. ಸಿಇಟಿ, ನೀಟ್ ಮೂಲಕ ಸೀಟು ಪಡೆದವರು ಬ್ಯಾಂಕಿಗೆ ಹೋಗುವ ಮೊದಲು ಅಲ್ಲಿ ಕೇಳಬೇಕು.

ಸಾಲಕ್ಕಿಂತ ಮೊದಲು ಬಿಟ್ಟಿ ಬರುವ ದುಡ್ಡನ್ನು ನೋಡಿ. ರೈತರ ಮಕ್ಕಳಿಗೆಂದು ರೈತ ವಿದ್ಯಾನಿಧಿ 2021ರಲ್ಲಿ ಬಂದಾಗ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ಎಂದು ಗೊತ್ತಾಯಿತು; ಬಿಇ, ಎಂಬಿಬಿಎಸ್‌ನಂಥ ಕೋರ್ಸಿಗೆ 10,000 ಮತ್ತು 11,000. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಮಾಸಿಕ ನೆರವು. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಇವೆಲ್ಲ ದೊಡ್ಡ ಮೊತ್ತವಲ್ಲ, ಆದರೆ ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ ಇದರಲ್ಲೇ ಕಳೆಯುತ್ತದೆ. ಇವುಗಳಿಗಿಂತ ಬೆಲೆಬಾಳುವುದು ಸಿಇಟಿಯ ಮೀಸಲಾತಿ: 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಸರ್ಕಾರಿ ಕೋಟಾದ ಒಂದು ಸೀಟು ಉಳಿಸುವ ಹಣದ ಮುಂದೆ ಯಾವ ಸ್ಕಾಲರ್‌ಶಿಪ್ಪೂ ಲೆಕ್ಕಕ್ಕಿಲ್ಲ. ಈ ಮೀಸಲಾತಿಗೆ ಶಾಲೆಯ ಮುಖ್ಯೋಪಾಧ್ಯಾಯರು ಕೊಟ್ಟು ಬಿಇಒ ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆ ಒಂದೂರಿನದು, ಹೈಸ್ಕೂಲು ಇನ್ನೊಂದೂರಿನದು ಆಗಿದ್ದರೆ ಎರಡು ಕಡೆ ಓಡಾಡಬೇಕು. ಹಾಗಾಗಿ ಪಿಯುಸಿ ಎರಡನೇ ವರ್ಷದವರೆಗೆ ಕಾಯದೆ ಈ ಬೇಸಿಗೆಯಲ್ಲೇ ಮಾಡಿಸಿಡುವುದು ಜಾಣತನ.

ಕಾಗದಪತ್ರದಲ್ಲಿ ಎಡವುವ ಜಾಗಗಳು ಗೊತ್ತಿರುವಂಥವೇ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೆ ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು. ಆ ಪತ್ರ, ಆಧಾರ್, ಅಂಕಪಟ್ಟಿ, ಮೂರರಲ್ಲೂ ಹೆಸರು ಇನಿಷಿಯಲ್ ಸಮೇತ ಹೊಂದಬೇಕು. ಹಣ ಬರುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಸೀಡಿಂಗ್ ಆಗಿರುವ ಖಾತೆಗೆ. ಎಂದೋ ತೆರೆದು ಮರೆತ ಖಾತೆಗೆ ಹಣ ಹೋಗಿ, ‘ಬರಲೇ ಇಲ್ಲ’ ಎಂದು ವರ್ಷಗಟ್ಟಲೆ ಕೂತವರಿದ್ದಾರೆ. ಮುಂದಿನ ವರ್ಷ ತಾನಾಗಿ ಬರುತ್ತದೆಂದು ಕೂರುವ ಹಾಗೂ ಇಲ್ಲ, ಅರ್ಜಿಯ ಗಡುವನ್ನು ಪ್ರತಿವರ್ಷ ವಿಚಾರಿಸಬೇಕು.

ಕಡೆಯದಾಗಿ ಟಿಸಿ. ಖಾಸಗಿ ಪಿಯು ಕಾಲೇಜುಗಳು ಫಲಿತಾಂಶದ ವಾರದಲ್ಲೇ ಮೂಲ ಅಂಕಪಟ್ಟಿ, ಟಿಸಿ ಕೇಳುತ್ತವೆ. ಪಾಲಿಟೆಕ್ನಿಕ್, ಐಟಿಐ, ಜಿಟಿಟಿಸಿ ಸೀಟಿನ ಪಟ್ಟಿ ಆಮೇಲೆ ಬರಬಹುದು. ಆಗ ಕಟ್ಟಿದ ಶುಲ್ಕ ಹಿಂತಿರುಗಿಸುವ ಮಾತು ಹಾಗಿರಲಿ, ಕಾಗದ ಬಿಡಿಸಿಕೊಳ್ಳುವುದೇ ಒಂದು ಕೆಲಸ. ಎರಡೂ ಕಡೆ ಅರ್ಜಿ ಹಾಕಿದ್ದರೆ ಸದ್ಯಕ್ಕೆ ಜೆರಾಕ್ಸ್ ಕೊಟ್ಟು, ಮೂಲ ಪತ್ರ ಕೊಡಲು ದಿನ ಕೇಳಿ. ಕೊಡಲೇಬೇಕಾದರೆ ಯಾವ ಯಾವ ಪತ್ರ ಕೊಟ್ಟಿರೆಂದು ಬರೆಸಿ, ಸೀಲು ಹಾಕಿಸಿದ ರಸೀದಿ ಪಡೆದುಕೊಳ್ಳಿ. ಸೀಟು ಬಿಟ್ಟರೆ ಎಷ್ಟು ಹಣ ಹಿಂದಕ್ಕೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಸಿ.