ನೂರು ಚೀಟಿಗಳಲ್ಲಿ ಅಳೆದ ಅಂತರ

ಹತ್ತು ಪ್ರಶ್ನೆಗೆ ಟಿಕ್ ಹಾಕಿದರೆ ಆತ್ಮಗೌರವಕ್ಕೆ ಅಂಕ ಕೊಡುವ ಪರೀಕ್ಷೆಗಳಿಗೆ ಮೊಬೈಲಿನಲ್ಲೀಗ ಬರವಿಲ್ಲ. ಹಿಂದಿರುವ ಲೆಕ್ಕ ಮಾತ್ರ ಹಳೆಯದು. 1890ರಲ್ಲೇ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಆತ್ಮಗೌರವವನ್ನು ಭಿನ್ನರಾಶಿಯಾಗಿ ಬರೆದಿದ್ದರು: ಮೇಲೆ ಸಾಧನೆ, ಕೆಳಗೆ ಹಂಬಲ. ಸಾಧನೆ ಏರಿದರೂ ಸರಿ, ಹಂಬಲ ಇಳಿದರೂ ಸರಿ, ಆತ್ಮಗೌರವ ಹೆಚ್ಚುತ್ತದೆ. ಸೂತ್ರವೇನೋ ಚೆನ್ನ, ಹಂಬಲ ಅಳೆಯುವ ಸೇರು-ಪಾವು ಅವರ ಬಳಿ ಇರಲಿಲ್ಲ.

ಅದು ಸಿಕ್ಕಿದ್ದು ಷಿಕಾಗೊದಲ್ಲಿ. ಭೌತವಿಜ್ಞಾನ ಓದಿ ಮನೋವಿಜ್ಞಾನಕ್ಕೆ ಬಂದ ಬ್ರಿಟನ್ನಿನ ವಿಲಿಯಂ ಸ್ಟೀಫನ್‌ಸನ್ 1935ರಲ್ಲಿ ಸೂಚಿಸಿದ್ದ 'ಕ್ಯೂ' ವಿಧಾನವನ್ನು ಅಲ್ಲಿನ ಮನೋವಿಜ್ಞಾನಿ ಕಾರ್ಲ್ ರಾಜರ್ಸ್ ಬಳಗದ ಬಟ್ಲರ್ ಮತ್ತು ಹೇಗ್ ಆಪ್ತಸಮಾಲೋಚನೆಗೆ ಬಂದವರ ಮೇಲೆ ಪ್ರಯೋಗಿಸಿದರು. ಕೈಗೆ 100 ಚೀಟಿ, ಒಂದೊಂದರಲ್ಲೂ ಒಂದು ಮಾತು: ಕಷ್ಟಪಟ್ಟು ದುಡಿಯುವವ, ಜನಕ್ಕೆ ಬೇಕಾದವ, ವಾದಕ್ಕಿಳಿಯಲು ಅಂಜುವವ, ಹೀಗೆ. ಅವನ್ನು ಒಂಬತ್ತು ಗುಡ್ಡೆ ಮಾಡಬೇಕು. ಒಂದು ತುದಿಯಲ್ಲಿ 'ನಾನು ಹೀಗಿಲ್ಲವೇ ಇಲ್ಲ', ಇನ್ನೊಂದರಲ್ಲಿ 'ಇದು ನಾನೇ'. ಮನಬಂದಂತೆ ಹಾಕುವಂತಿಲ್ಲ: ತುದಿಗಳಲ್ಲಿ ಒಂದೊಂದೇ ಚೀಟಿ, ನಟ್ಟನಡುವೆ 26. ಎಲ್ಲದಕ್ಕೂ ತಲೆಯಾಡಿಸಿ ಪಾರಾಗುವ ದಾರಿಯೇ ಅಲ್ಲಿಲ್ಲ, ಈ ವಿಧಾನದ ಜಾಣತನ ಇರುವುದೇ ಅಲ್ಲಿ. ಬಳಿಕ ಅವೇ ಚೀಟಿಗಳನ್ನು, ತಾನು ಹೇಗಿರಲು ಬಯಸುತ್ತೇನೆ ಎಂಬ ಲೆಕ್ಕದಲ್ಲಿ ಮತ್ತೊಮ್ಮೆ ಹಂಚಬೇಕು. ಎರಡು ಹಂಚಿಕೆಗಳೂ ತದ್ವತ್ತಾದರೆ 1, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ 0.

1954ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಮಾಲೋಚನೆಗೆ ಮುನ್ನ 25 ಮಂದಿಯ ಸರಾಸರಿ -0.01, ಮುಗಿದ ಮೇಲೆ 0.34. ಹೋಲಿಕೆಗೆಂದು ಆರಿಸಿದ್ದ ಗುಂಪಿನದು ಮೊದಲೇ 0.58, ಕೊನೆಗೂ ಹೆಚ್ಚುಕಡಿಮೆ ಅಷ್ಟೇ. ಅಂತರ ಕಿರಿದಾದರೆ ಮನಸ್ಸು ಚೇತರಿಸಿಕೊಂಡಂತೆ ಎಂಬ ಮಾತು ಪಠ್ಯಪುಸ್ತಕ ಸೇರಿತು.

ತುಸು ಬೇಗನೇ ಸೇರಿತೇನೋ. ಸೋಮಾರಿಯಾಗಬೇಕು, ಪುಕ್ಕಲನಾಗಬೇಕು ಎಂದು ಯಾರು ಆಸೆಪಡುತ್ತಾರೆ? ಆದರ್ಶದ ಹಂಚಿಕೆ ಬಹುಪಾಲು ಎಲ್ಲರದೂ ಒಂದೇ ಥರ. ಹೋಲಿಸುವ ಹಂಚಿಕೆ ಎಲ್ಲರಿಗೂ ಅದೇ ಆದಾಗ ಉತ್ತರದ ಏರಿಳಿತವೆಲ್ಲ ಮೊದಲ ಹಂಚಿಕೆಯದ್ದೇ. ಅಂದರೆ ಅಂತರ ಅಳೆದಂತೆ ಕಂಡರೂ, ಅಳೆದದ್ದು ತನ್ನ ಬಗ್ಗೆ ತನಗಿರುವ ಅಭಿಪ್ರಾಯವನ್ನೇ. ಅಷ್ಟಕ್ಕಾದರೆ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಮುಂದಿಟ್ಟ ಹತ್ತೇ ವಾಕ್ಯಗಳ ಆತ್ಮಗೌರವ ಪಟ್ಟಿ ಸಾಕಲ್ಲ!

1987ರಲ್ಲಿ ಟೋರಿ ಹಿಗಿನ್ಸ್ ಸಿದ್ಧ ಚೀಟಿಗಳನ್ನು ಬಿಟ್ಟು, ಗುಣಗಳನ್ನು ಆಯಾ ವ್ಯಕ್ತಿಯಿಂದಲೇ ಬರೆಸಿದರು: ಇರುವ ನಾನು, ಆಸೆಯ ನಾನು, ಇರಲೇಬೇಕಾದ ನಾನು. ಆಸೆ ಕೈಗೂಡದಿದ್ದರೆ ಖಿನ್ನತೆ, ಕರ್ತವ್ಯ ತಪ್ಪಿದರೆ ಆತಂಕ ಎಂಬುದು ಅವರ ಸಿದ್ಧಾಂತ. ಕೇಳಲು ಸೊಗಸು. ಆದರೆ 1998ರಲ್ಲಿ ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಆ ಎರಡು ಅಂತರಗಳು ಎಷ್ಟು ಹೆಣೆದುಕೊಂಡಿದ್ದವೆಂದರೆ, ಯಾವುದರಿಂದ ಯಾವ ಸಂಕಟ ಎಂದು ಬಿಡಿಸಲು ಆಗಲಿಲ್ಲ.