ಏದುಸಿರು ಬಂದಾಗ ಆಕ್ಸಿಜನ್: ಹೆಚ್ಚಾದರೂ ಅಪಾಯ

ಮನೆಯ ಹಿರಿಯರಿಗೆ ಏದುಸಿರು ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಆಕ್ಸಿಜನ್. 2021ರ ಕೊರೊನಾ ಎರಡನೇ ಅಲೆಯ ನಂತರ ಅನೇಕ ಮನೆಗಳಲ್ಲಿ ಪಲ್ಸ್ ಆಕ್ಸಿಮೀಟರ್ ಇದೆ, ಕೆಲವೆಡೆ ಕಾನ್ಸಂಟ್ರೇಟರ್ ಕೂಡ ಇದೆ. ಆದರೆ ಆಕ್ಸಿಜನ್ ಸಹ ಒಂದು ಔಷಧ. ಉಳಿದ ಔಷಧಗಳಂತೆ ಅದಕ್ಕೂ ಪ್ರಮಾಣವಿದೆ.

ಶ್ವಾಸಕೋಶಕ್ಕೆ ಎರಡು ಕೆಲಸ: ರಕ್ತಕ್ಕೆ ಆಮ್ಲಜನಕ ಸೇರಿಸುವುದು, ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದು. ಈ ಕೆಲಸ ಹಠಾತ್ತನೆ ಕೈಕೊಟ್ಟರೆ ಅದೇ ತೀವ್ರ ಉಸಿರಾಟ ವೈಫಲ್ಯ. ನ್ಯುಮೋನಿಯಾದಲ್ಲಿ ಸಾಮಾನ್ಯವಾಗಿ ಮೊದಲನೆಯದು ಕೆಡುತ್ತದೆ. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆಯಿಂದ ಬರುವ ಸಿಒಪಿಡಿ ಉಲ್ಬಣಿಸಿದಾಗ ಎರಡೂ ಕೆಡಬಹುದು.

ಹೆಚ್ಚಿನ ರೋಗಿಗಳಿಗೆ ವೈದ್ಯರು ಇಟ್ಟುಕೊಳ್ಳುವ ಗುರಿ ಶೇ. 94ರಿಂದ 98. ಸಿಒಪಿಡಿ ಇರುವವರಿಗೆ ಶೇ. 88ರಿಂದ 92 ಸಾಕು. ಅವರಿಗೂ 98 ಬರಲಿ ಎಂದು ಆಕ್ಸಿಜನ್ ಹೆಚ್ಚಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಬಹುದು. ಆಗ ತಲೆನೋವು, ಗೊಂದಲ, ಮಂಪರು ಕಾಣಿಸುತ್ತದೆ. ಪಾಪ, ಈಗ ನಿದ್ದೆ ಹತ್ತಿತು ಎಂದು ಮನೆಯವರು ಸಮಾಧಾನಪಡುತ್ತಾರೆ. ಅದು ನಿದ್ದೆಯಲ್ಲ, ಅಪಾಯದ ಸೂಚನೆ. ಆಕ್ಸಿಮೀಟರ್ ಇದನ್ನು ತೋರಿಸುವುದಿಲ್ಲ. ಆಸ್ಪತ್ರೆಯಲ್ಲಿ ಎಬಿಜಿ ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಅಂಥವರಿಗೆ ಬೈಪ್ಯಾಪ್ ಯಂತ್ರದ ನೆರವು ಬೇಕಾಗಬಹುದು.

ಹಾಗೆಂದು ಹೆದರಿ ಆಕ್ಸಿಜನ್ ತೆಗೆದುಬಿಡಬಾರದು. ಅದರ ಕೊರತೆ ಇನ್ನೂ ಬೇಗ ಪ್ರಾಣಕ್ಕೆ ಎರವಾಗುತ್ತದೆ. ವೈದ್ಯರು ಹೇಳಿದಷ್ಟು ಲೀಟರ್ ಕೊಡಬೇಕು, ಅಷ್ಟೆ.

ಏದುಸಿರು ಬಂದ ಮಾತ್ರಕ್ಕೆ ಆಕ್ಸಿಜನ್ ಕಡಿಮೆಯಾಗಿದೆ ಎಂದೇನೂ ಅಲ್ಲ. ರಕ್ತಹೀನತೆ, ಹೃದಯದ ತೊಂದರೆ, ಗಾಬರಿಯಿಂದಲೂ ಏದುಸಿರು ಬರುತ್ತದೆ. ಕೊರೊನಾದಲ್ಲಿ ಕೆಲವರಿಗೆ ಆಕ್ಸಿಜನ್ ಬಹಳ ಇಳಿದಿದ್ದರೂ ಏದುಸಿರು ಇರಲಿಲ್ಲ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರ್ ಅಂಕಿ ತಪ್ಪಬಹುದು.

ಆಂಬುಲೆನ್ಸ್ ಬರುವ ತನಕ ಮನೆಯವರು ಮಾಡಬಹುದಾದದ್ದು:

1. ಮಲಗಿಸದೆ, ಮುಂದೆ ದಿಂಬು ಇಟ್ಟು ಅದರ ಮೇಲೆ ಒರಗಿ ಕೂರುವಂತೆ ಮಾಡುವುದು.
2. ಮುಖಕ್ಕೆ ಫ್ಯಾನ್ ಗಾಳಿ ತಾಗಿಸುವುದು. ಇದರಿಂದ ಏದುಸಿರಿನ ಸಂಕಟ ತಗ್ಗುತ್ತದೆ.
3. ಆಕ್ಸಿಜನ್ ಹತ್ತಿರ ದೀಪ, ಊದುಬತ್ತಿ, ಒಲೆ ಬೇಡವೇ ಬೇಡ.
4. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಮಾತನಾಡಲಾಗದಿದ್ದರೆ, ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆ ಮಾಡುವುದು.
5. ಸಿಒಪಿಡಿ ಇದೆ ಎಂದು ಆಂಬುಲೆನ್ಸ್‌ನವರಿಗೆ ಮೊದಲೇ ತಿಳಿಸಿ, ಹಳೆಯ ಡಿಸ್ಚಾರ್ಜ್ ಚೀಟಿ ತೋರಿಸುವುದು.

ರೋಗಿಯ ಗುರಿ ಎಷ್ಟು, ನಿಮಿಷಕ್ಕೆ ಎಷ್ಟು ಲೀಟರ್ ಎಂದು ವೈದ್ಯರನ್ನು ಕೇಳಿ ಬರೆದು, ಆ ಚೀಟಿಯನ್ನು ಯಂತ್ರದ ಮೇಲೆಯೇ ಅಂಟಿಸಿಡಬೇಕು. ನಡುರಾತ್ರಿಯ ಗಾಬರಿಯಲ್ಲಿ ಯಾರು ಎದ್ದು ಬಂದರೂ ಅದು ಕಣ್ಣಿಗೆ ಬೀಳುತ್ತದೆ.